ಎಲ್ಲವೂ ‘ಅಸ್ಪಷ್ಟ’ವೇ?

ಸುಮಾರು ನಲವತ್ತು ವರ್ಷಗಳ ಹಿಂದಿನ ಮಾತು. ಆಗ ನಾನು ಒಂದು ಸಣ್ಣ ಊರಿನ ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದೆ. ಅಂಥ ಊರುಗಳಲ್ಲಿ ಇಂಗ್ಲಿಷ್ ಮೇಷ್ಟರಿಗೆ ಕಾಲೇಜಿನ ಹೊರಗೂ ಒಂದು ಉದ್ಯೋಗವಿರುತ್ತಿತ್ತು. ವಿಮೆಯ ಕಾಗದ, ವಕೀಲರ ನೋಟೀಸು, ಮುಂಬಯಿಯ ಅಳಿಯನಿಂದ ಬಂದ ತಂತಿ, ಔಷಧದ ಡಬ್ಬಿಯೊಳಗಿನ ಚೀಟಿ, ಇವೆಲ್ಲ ಸಂಜೆಯಾಗುತ್ತಲೇ ನಮ್ಮ ಜಗಲಿಗೆ ಬರುತ್ತಿದ್ದುವು. ಓದಿ ಕನ್ನಡದಲ್ಲಿ ಹೇಳಿದರೆ ಸಾಕು, ಬಂದವರು ಸಮಾಧಾನಪಟ್ಟುಕೊಂಡು ಹೋಗುತ್ತಿದ್ದರು. ನನಗೂ ಅದರಲ್ಲಿ ಸ್ವಲ್ಪ ಹೆಮ್ಮೆಯಿತ್ತೆಂದು ಒಪ್ಪಿಕೊಳ್ಳಬೇಕು.

ಪಕ್ಕದ ಮನೆಯಲ್ಲಿ ಜವಳಿ ಅಂಗಡಿಯೊಂದರ ಲೆಕ್ಕ ಬರೆಯುತ್ತಿದ್ದ ರಾಯರೊಬ್ಬರಿದ್ದರು. ಒಂದು ಸಂಜೆ ಅವರು ಖಾಕಿ ಬಣ್ಣದ ದೊಡ್ಡ ಲಕೋಟೆಯೊಂದನ್ನು ಹಿಡಿದು ಬಂದರು. ಎರಡು ತಿಂಗಳಿಂದ ಬಿಡದ ಕೆಮ್ಮು. ಜಿಲ್ಲಾ ಕೇಂದ್ರಕ್ಕೆ ಹೋಗಿ ಎದೆಯ ಎಕ್ಸ್-ರೇ ತೆಗೆಸಿಕೊಂಡು ಬಂದಿದ್ದರು. ಚಿತ್ರದ ಜೊತೆಗೆ ಟೈಪು ಮಾಡಿದ ಒಂದು ಹಾಳೆ. ಅದರಲ್ಲಿ ಎರಡೇ ವಾಕ್ಯ. ಬಲಗಡೆಯ ಶ್ವಾಸಕೋಶದ ಮೇಲ್ಭಾಗದಲ್ಲಿ ಕಾಣುವ ನೆರಳು ‘ಈಕ್ವಿವೊಕಲ್’ ಆಗಿದೆಯೆಂದು ಮೊದಲನೆಯದು, ಮತ್ತೊಮ್ಮೆ ಪರೀಕ್ಷಿಸತಕ್ಕದ್ದೆಂದು ಎರಡನೆಯದು. ನಾನು ಓದಿ, “ಅಸ್ಪಷ್ಟವಾಗಿದೆಯಂತೆ ರಾಯರೇ, ಇನ್ನೊಂದು ಸಲ ತೆಗೆಸಬೇಕಂತೆ” ಎಂದೆ.

ರಾಯರು ನಕ್ಕರು. “ಅದು ಹಳೇ ಯಂತ್ರ ಮೇಷ್ಟ್ರೇ, ಮಸುಕು ಮಸುಕಾಗಿ ಬಂದಿರುತ್ತೆ. ಅವರ ಯಂತ್ರ ಸರಿಯಿಲ್ಲದ್ದಕ್ಕೆ ನಾನು ಎರಡನೇ ಸಲ ದುಡ್ಡು ತೆರಬೇಕೇ?” ಎಂದು ಲಕೋಟೆಯನ್ನು ಕಂಕುಳಲ್ಲಿಟ್ಟುಕೊಂಡು ಹೊರಟುಹೋದರು. ಮತ್ತೆ ಅವರು ಆಸ್ಪತ್ರೆಯ ಮೆಟ್ಟಿಲು ಹತ್ತಿದ್ದು ನಾಲ್ಕು ತಿಂಗಳ ಮೇಲೆ, ಕೆಮ್ಮಿದಾಗ ಕರವಸ್ತ್ರದಲ್ಲಿ ರಕ್ತ ಕಂಡ ದಿನ.

ಚಿತ್ರ ಮಸುಕಾಗಿರಲಿಲ್ಲ. ಆಮೇಲೆ ಅದನ್ನು ಕಿಟಕಿಯ ಬೆಳಕಿಗೆ ಹಿಡಿದು ನಾನೇ ನೋಡಿದೆ. ಪಕ್ಕೆಲುಬುಗಳನ್ನು ಎಣಿಸಬಹುದಾದಷ್ಟು ಚೊಕ್ಕಟವಾಗಿತ್ತು. ವೈದ್ಯರು ಹೇಳಿದ್ದು ಬೇರೆ: ನೆರಳು ಚೆನ್ನಾಗಿ ಕಾಣುತ್ತಿದೆ, ಆದರೆ ಅದು ಎಂದೋ ಮಾಯ್ದ ಹಳೆಯ ಗಾಯದ ಕಲೆಯೂ ಇರಬಹುದು, ಈಗ ಹೊತ್ತಿಕೊಳ್ಳುತ್ತಿರುವ ಕ್ಷಯವೂ ಇರಬಹುದು, ಎರಡೂ ಪಕ್ಷಕ್ಕೆ ಸಮಬಲದ ಸಾಕ್ಷ್ಯವಿದೆ. ನಾನು ಅದನ್ನು ‘ಅಸ್ಪಷ್ಟ’ ಎಂದೆ. ರಾಯರು ನನ್ನ ಕನ್ನಡವನ್ನು ಸರಿಯಾಗಿಯೇ ಅರ್ಥಮಾಡಿಕೊಂಡರು. ‘ಸ್ಪಷ್ಟ’ ಎಂಬ ಪದದ ಹಿಂದಿರುವುದು ‘ಸ್ಪಶ್’ ಎಂಬ ಧಾತು. ಕಾಣುವುದು, ನೋಡುವುದು ಎಂದು ಅದರ ಅರ್ಥ. ಸಂಸ್ಕೃತದಲ್ಲಿ ಗೂಢಚಾರನಿಗೆ ‘ಸ್ಪಶ’ ಎಂಬ ಹೆಸರಿರುವುದು ಇದರಿಂದಲೇ. ಇಂಗ್ಲಿಷಿನ ‘ಸ್ಪೈ’ ಕೂಡ ಇದರ ದೂರದ ನೆಂಟ. ಹಾಗಾದರೆ ಅಸ್ಪಷ್ಟವೆಂದರೆ ಕಣ್ಣಿಗೆ ಚೆನ್ನಾಗಿ ಕಾಣದ್ದು. ಯಂತ್ರ ಹಳೆಯದೆಂದು ರಾಯರು ಊಹಿಸಿದ್ದರಲ್ಲಿ ಏನು ತಪ್ಪು? ತಪ್ಪು ನನ್ನದು.

ಆ ಬಳಿಕ ನಾನು ಒಂದು ಕೆಲಸ ಮಾಡಿದೆ. ತರಗತಿಯಲ್ಲಿ ಸಮಾನಾರ್ಥಕಗಳೆಂದು ಒಂದೇ ದಾರಕ್ಕೆ ಪೋಣಿಸಿ ನಾನು ಬೋರ್ಡಿನ ಮೇಲೆ ಬರೆಯುತ್ತಿದ್ದ ಪದಗಳನ್ನು, ಎಂದರೆ ವೇಗ್, ಆಂಬಿಗ್ಯುಅಸ್, ಅಬ್‌ಸ್ಕ್ಯೂರ್, ಇನ್‌ಡಿಸ್ಟಿಂಕ್ಟ್, ಹೇಜಿ, ನೆಬ್ಯುಲಸ್, ಈಕ್ವಿವೊಕಲ್ ಮೊದಲಾದುವನ್ನು, ಒಂದೊಂದಾಗಿ ಬಿಡಿಸಿ ನೋಡತೊಡಗಿದೆ. ನಮ್ಮ ಇಂಗ್ಲಿಷ್-ಕನ್ನಡ ನಿಘಂಟುಗಳಲ್ಲಿ ಇವುಗಳ ಎದುರಿಗೆ ಬೇರೆ ಬೇರೆ ಅರ್ಥಗಳನ್ನು ಕೊಟ್ಟಿರುತ್ತಾರೆ, ನಿಜ. ಆದರೆ ಅನುವಾದಕ್ಕೆ ಕೂತಾಗ ಕೈ ತಾನಾಗಿ ಬರೆಯುವುದು ‘ಅಸ್ಪಷ್ಟ’ ಎಂದೇ. ಈ ಪದಗಳು ಮಸುಕಿನ ಪ್ರಮಾಣವನ್ನು, ಎಂದರೆ ಇದು ಸ್ವಲ್ಪ ಮಸುಕು, ಅದು ಹೆಚ್ಚು ಮಸುಕು ಎಂಬುದನ್ನು, ಹೇಳುವಂಥವಲ್ಲ. ಮಸುಕು ಎಲ್ಲಿದೆ ಎಂಬುದನ್ನು ಹೇಳುವಂಥವು. ಕಣ್ಣಿನಲ್ಲೋ, ವಸ್ತುವಿನಲ್ಲೋ, ಮಾತಿನಲ್ಲೋ, ಮಾತಾಡುವವನ ಮನಸ್ಸಿನಲ್ಲೋ? ಇದು ಗೊತ್ತಾಗದೆ ಮುಂದೇನು ಮಾಡಬೇಕೆಂಬುದು ಗೊತ್ತಾಗುವುದಿಲ್ಲ.

ಕಣ್ಣಿನ ಮಸುಕಿನಿಂದಲೇ ಪ್ರಾರಂಭಿಸೋಣ. ಅದು ಎಲ್ಲಕ್ಕಿಂತ ಸುಲಭದ್ದು. ನಮ್ಮ ನೈಯಾಯಿಕರು ಸಂಶಯಕ್ಕೆ ಕೊಡುವ ಉದಾಹರಣೆಯೊಂದಿದೆ. ಮುಸ್ಸಂಜೆಯ ಹೊತ್ತು, ದೂರದಲ್ಲಿ ಏನೋ ಒಂದು ನೆಟ್ಟಗೆ ನಿಂತಿದೆ. ಅದು ಮೋಟುಮರವೋ, ಮನುಷ್ಯನೋ? ಇದೇ ‘ಇನ್‌ಡಿಸ್ಟಿಂಕ್ಟ್’. ಅಲ್ಲಿ ನಿಂತಿರುವುದಕ್ಕೆ ತಾನು ಏನೆಂಬ ವಿಷಯದಲ್ಲಿ ಯಾವ ಗೊಂದಲವೂ ಇಲ್ಲ. ಮರವಾದರೆ ಮರ, ಮನುಷ್ಯನಾದರೆ ಮನುಷ್ಯ. ಕೊರತೆಯಿರುವುದು ಬೆಳಕಿನಲ್ಲಿ, ದೂರದಲ್ಲಿ, ನಮ್ಮ ದೃಷ್ಟಿಯಲ್ಲಿ. ನಾಲ್ಕು ಹೆಜ್ಜೆ ಹತ್ತಿರ ಹೋದರೆ, ಒಂದು ದೀಪ ತಂದರೆ ತೀರಿತು. ‘ಹೇಜಿ’ ಎಂಬುದೂ ಇದರ ಒಡಹುಟ್ಟೇ, ಆದರೆ ನಡುವೆ ಒಂದು ತೆರೆ ಇರಬೇಕು. ಹವಾಮಾನ ಶಾಸ್ತ್ರದವರು ಇದರಲ್ಲಿ ಬಹಳ ಕಟ್ಟುನಿಟ್ಟು. ನೀರಿನ ಸಣ್ಣ ಹನಿಗಳು ಕವಿದು ಒಂದು ಕಿಲೋಮೀಟರಿನಷ್ಟು ದೂರವೂ ಕಾಣದಿದ್ದರೆ ಅದು ಫಾಗ್. ಅದಕ್ಕಿಂತ ದೂರ ಕಂಡರೆ ಮಿಸ್ಟ್. ಹನಿಗಳಲ್ಲದೆ ಒಣ ಧೂಳು ಹೊಗೆಗಳ ತೆರೆಯಾದರೆ ಹೇಜ್. ನಾವು ಮೂರನ್ನೂ ಮಂಜು ಎಂದುಬಿಡುತ್ತೇವೆ, ಕಾವಳ ಎಂಬ ಒಳ್ಳೆಯ ಮಾತನ್ನು ಮರೆತು. ಇರಲಿ. ಬಾಲ್ಯದ ನೆನಪನ್ನು ಇಂಗ್ಲಿಷಿನವರು ಹೇಜಿ ಎನ್ನುವಾಗ ಈ ಧೂಳಿನ ತೆರೆ ಅವರ ಮನಸ್ಸಿನಲ್ಲಿರುತ್ತದೆ. ಒಂದು ಕಾಲಕ್ಕೆ ನಿಚ್ಚಳವಾಗಿದ್ದದ್ದು. ಈಗ ನಡುವೆ ವರ್ಷಗಳು ಕವಿದಿವೆ.

‘ನೆಬ್ಯುಲಸ್’ ಇದಕ್ಕೆ ತದ್ವಿರುದ್ಧ. ಲ್ಯಾಟಿನ್ನಿನ ನೆಬ್ಯುಲ ಎಂದರೆ ಮಂಜು, ಮೋಡ. ನಮ್ಮ ‘ನಭ’ಕ್ಕೂ ಅದಕ್ಕೂ ಮೂಲ ಒಂದೇ. ಒಂದು ಯೋಜನೆ ನೆಬ್ಯುಲಸ್ ಆಗಿದೆ ಎಂದರೆ ಅದು ತೆರೆಯ ಹಿಂದೆ ಇದೆಯೆಂದಲ್ಲ, ಅದೇ ಇನ್ನೂ ಮೋಡವಾಗಿದೆ, ಮೈತಳೆದಿಲ್ಲ ಎಂದು. ಎಷ್ಟು ಹತ್ತಿರ ಹೋದರೂ ಮೋಡದೊಳಗೆ ಮೋಡವೇ ಸಿಗುವುದು. ಈ ಎರಡರ ವ್ಯತ್ಯಾಸವನ್ನು ಖಗೋಳಶಾಸ್ತ್ರದ ಒಂದು ಕಥೆ ಎಷ್ಟು ಚೆನ್ನಾಗಿ ತೋರಿಸುತ್ತದೆ! ಆಂಡ್ರೊಮಿಡ ನಕ್ಷತ್ರಪುಂಜದಲ್ಲಿ ಬರಿಗಣ್ಣಿಗೂ ಕಾಣುವ ಒಂದು ಬೆಳಕಿನ ಮಬ್ಬು ಇದೆ. ಅದನ್ನು ಬಹುಕಾಲ ‘ನೆಬ್ಯುಲ’ ಎಂದೇ ಕರೆಯುತ್ತಿದ್ದರು. ಮೌಂಟ್ ವಿಲ್ಸನ್ನಿನ ನೂರು ಅಂಗುಲದ ದೂರದರ್ಶಕದಿಂದ 1923ರಲ್ಲಿ ಎಡ್ವಿನ್ ಹಬಲ್ ಅದರಲ್ಲಿ ಒಂದು ಮಿಡಿಯುವ ನಕ್ಷತ್ರವನ್ನು ಗುರುತಿಸಿ, ಅದರ ಸಹಾಯದಿಂದ ದೂರವನ್ನು ಲೆಕ್ಕ ಹಾಕಿದ. ಅದು ಮೋಡವೇ ಅಲ್ಲವೆಂದು, ನಮ್ಮ ಕ್ಷೀರಪಥದಾಚೆಗಿನ ಇನ್ನೊಂದು ನಕ್ಷತ್ರಗಳ ನಾಡೆಂದು ತಿಳಿಯಿತು. ನೆಬ್ಯುಲಸ್ ಎಂದುಕೊಂಡಿದ್ದದ್ದು ಬರಿಯ ಇನ್‌ಡಿಸ್ಟಿಂಕ್ಟ್ ಆಗಿತ್ತು! ಆದರೆ ಒರೈಯನ್ ಪುಂಜದ ಮಬ್ಬು ಹಾಗಲ್ಲ. ಅದು ನಿಜವಾಗಿಯೂ ಅನಿಲ ಮತ್ತು ಧೂಳಿನ ಮೋಡ. ಎಷ್ಟು ದೊಡ್ಡ ಕನ್ನಡಿಯನ್ನು ತಂದರೂ ಅದು ಮೋಡವೇ.

ಇನ್ನು ‘ವೇಗ್’. ನಮ್ಮ ‘ವೇಗ’ವನ್ನು ನೆನಪಿಗೆ ತಂದರೂ ಇದಕ್ಕೂ ಅದಕ್ಕೂ ಸಂಬಂಧವಿಲ್ಲ. ಲ್ಯಾಟಿನ್ನಿನ ‘ವಾಗಸ್’ ಎಂದರೆ ಅಲೆಯುವವನು. ಊರಿಲ್ಲದೆ ಅಲೆಯುವ ವ್ಯಾಗಬಾಂಡನೂ ಇದೇ ಮನೆತನದವನು. ವೇಗ್ ಆದ ಮಾತಿಗೆ ಒಂದು ನೆಲೆ ಇರುವುದಿಲ್ಲ, ಎಲ್ಲೆ ಇರುವುದಿಲ್ಲ. ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಗ್ರೀಕ್ ತಾರ್ಕಿಕ ಯುಬುಲಿಡೀಸನ ಹೆಸರಿನಲ್ಲಿ ಒಂದು ಒಗಟು ಪ್ರಸಿದ್ಧವಾಗಿದೆ. ಒಂದು ರಾಶಿ ಕಾಳು ಇದೆ. ಒಂದು ಕಾಳನ್ನು ತೆಗೆದರೆ ಅದು ರಾಶಿಯಲ್ಲವೇ? ರಾಶಿಯೇ. ಇನ್ನೊಂದು ತೆಗೆದರೆ? ಆಗಲೂ ರಾಶಿಯೇ. ಹೀಗೆ ತೆಗೆಯುತ್ತ ಹೋದರೆ ಕೊನೆಗೆ ಒಂದೇ ಕಾಳು ಉಳಿಯುತ್ತದೆ; ಅದು ರಾಶಿಯಲ್ಲ. ಹಾಗಾದರೆ ಯಾವ ಕಾಳು ತೆಗೆದಾಗ ರಾಶಿ ರಾಶಿಯಾಗದೆ ಹೋಯಿತು? ಇಲ್ಲಿ ದೀಪ ತಂದು ಪ್ರಯೋಜನವಿಲ್ಲ. ಕಾಳುಗಳೆಲ್ಲ ಕಣ್ಣಮುಂದಿವೆ, ಎಣಿಸಿಯೂ ಆಗಿದೆ. ಎಲ್ಲೆಯಿಲ್ಲದಿರುವುದು ‘ರಾಶಿ’ ಎಂಬ ಮಾತಿಗೆ. ಬರ್ಟ್ರಂಡ್ ರಸೆಲ್ 1923ರಲ್ಲಿ ಪ್ರಕಟವಾದ ಒಂದು ಪ್ರಬಂಧದಲ್ಲಿ ಇದೇ ಜಾಡಿನಲ್ಲಿ ಬೋಳುತಲೆಯ ಪ್ರಶ್ನೆಯನ್ನು ಎತ್ತಿದ. ಎಷ್ಟು ಕೂದಲು ಉದುರಿದರೆ ಬೋಳು? ಜಗತ್ತು ತಾನು ವೇಗ್ ಆಗಿರುವುದಿಲ್ಲ, ಜಗತ್ತನ್ನು ಕುರಿತ ನಮ್ಮ ನಿರೂಪಣೆಗಳು ಮಾತ್ರ ವೇಗ್ ಆಗಬಲ್ಲವು ಎಂಬುದು ಅವನ ವಾದ. ಕನ್ನಡಿಯ ಮುಂದೆ ನಿಂತಾಗ ನನಗೆ ಈ ವಾದ ಬಹಳ ಸಾಂತ್ವನಕರವಾಗಿ ತೋರಿದೆ.

ವೇಗ್ ಆಗಿರುವುದೆಲ್ಲ ದೋಷವೆಂದು ತಿಳಿಯಬಾರದು. “ನಾಲ್ಕು ದಿನ ಬಿಟ್ಟು ಬಾ” ಎಂದು ಹೇಳಿದರೆ ಕನ್ನಡಿಗರಾರೂ ಪಂಚಾಂಗ ನೋಡಿ ನಾಲ್ಕನೆಯ ದಿನ ಬರುವುದಿಲ್ಲ. “ನಾಲ್ಕು ಜನ ಏನೆಂದಾರು” ಎಂಬಲ್ಲಿಯ ನಾಲ್ವರನ್ನು ಯಾರೂ ಹೆಸರು ಹಿಡಿದು ಹುಡುಕುವುದಿಲ್ಲ. ಸಂಖ್ಯೆಯಂಥ ನಿಷ್ಠುರವಾದ ವಸ್ತುವನ್ನೂ ನಮ್ಮ ಜನ ಹೀಗೆ ಸಡಿಲಗೊಳಿಸಿಕೊಂಡಿದ್ದಾರೆ. ಹಾಗಿಲ್ಲದಿದ್ದರೆ ಸಂಸಾರ ನಡೆಯದು. ಆದರೆ ಇದೇ ಸಡಿಲು ಕಾನೂನಿನ ಪುಸ್ತಕಕ್ಕೆ ನುಗ್ಗಿದರೆ? ನಮ್ಮ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ 66ಎ ಎಂಬ ಒಂದು ವಿಧಿಯಿತ್ತು. ಕಂಪ್ಯೂಟರಿನ ಮೂಲಕ ಕಳಿಸಿದ ಸಂದೇಶ ‘ತೀವ್ರವಾಗಿ ನೋಯಿಸುವಂಥದ್ದು’ ಆಗಿದ್ದರೆ, ಅಥವಾ ಸುಳ್ಳೆಂದು ಗೊತ್ತಿದ್ದೂ ‘ಕಿರಿಕಿರಿ’ಯನ್ನೋ ‘ಅನನುಕೂಲ’ವನ್ನೋ ಉಂಟುಮಾಡಲೆಂದು ಕಳಿಸಿದ್ದರೆ, ಮೂರು ವರ್ಷದ ತನಕ ಸೆರೆವಾಸ. ಕಿರಿಕಿರಿಯ ಎಲ್ಲೆ ಯಾವುದು? ಒಬ್ಬನಿಗೆ ಹಾಸ್ಯವಾದದ್ದು ಇನ್ನೊಬ್ಬನಿಗೆ ಕಿರಿಕಿರಿ. ಶ್ರೇಯಾ ಸಿಂಘಾಲ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು 2015ರ ಮಾರ್ಚ್ 24ರಂದು ಆ ವಿಧಿಯನ್ನು ರದ್ದು ಮಾಡಿತು. ವಾಕ್‌ಸ್ವಾತಂತ್ರ್ಯಕ್ಕೆ ಅದು ತರುತ್ತಿದ್ದ ಧಕ್ಕೆಯ ಜೊತೆಗೆ, ಅದರ ಮಾತುಗಳು ವೇಗ್ ಆಗಿವೆ ಎಂಬುದೂ ಒಂದು ಕಾರಣ. ತಾನು ಗೆರೆ ದಾಟಿದೆನೋ ಇಲ್ಲವೋ ಎಂಬುದು ಪ್ರಜೆಗೆ ಮುಂಚಿತವಾಗಿ ತಿಳಿಯುವಂತಿರಬೇಕು; ಗೆರೆಯೇ ಇಲ್ಲದಿದ್ದರೆ ಪೊಲೀಸಿನವನು ಎಳೆದದ್ದೇ ಗೆರೆಯಾಗುತ್ತದೆ.

ಹೀಗೆ ಎಲ್ಲೆ ತೇಲುತ್ತಿರುವುದು ವೇಗ್ ಆದರೆ, ‘ಆಂಬಿಗ್ಯುಅಸ್’ ಎಂಬಲ್ಲಿ ಎಲ್ಲೆಗಳು ಖಚಿತವಾಗಿಯೇ ಇರುತ್ತವೆ, ಆದರೆ ಒಂದರ ಬದಲು ಎರಡು ಹೊಲ! ಲ್ಯಾಟಿನ್ ಮೂಲದಲ್ಲಿ ಇದು ‘ಎರಡೂ ಕಡೆಗೆ ಅಟ್ಟು’ ಎಂಬ ಕ್ರಿಯೆ. ದನಗಳನ್ನು ಅಟ್ಟುವ ‘ಅಜ್’ ಧಾತು ನಮ್ಮ ವೈದಿಕ ಭಾಷೆಯಲ್ಲೂ ಇದೆ. ಕವಲುದಾರಿಯಲ್ಲಿ ನಿಂತವನನ್ನು ಮಾತು ಎರಡೂ ಕಡೆಗೆ ಅಟ್ಟುತ್ತದೆ. ಇದರ ಒಂದು ಸೊಗಸಾದ ಉದಾಹರಣೆ ಸಿಗುವುದು, ನಂಬಿದರೆ ನಂಬಿ, 1872ರ ಭಾರತೀಯ ಸಾಕ್ಷ್ಯ ಕಾಯಿದೆಯಲ್ಲಿ. ಒಬ್ಬ ‘ನನ್ನ ಬಿಳಿಯ ಕುದುರೆ’ಯನ್ನು ಸಾವಿರ ರೂಪಾಯಿಗೆ ಮಾರುತ್ತೇನೆಂದು ಬರೆದುಕೊಟ್ಟಿದ್ದಾನೆ. ಅವನಿಗೆ ಬಿಳಿಯ ಕುದುರೆಗಳು ಎರಡಿವೆ. ಆಗ ಯಾವ ಕುದುರೆಯೆಂಬುದಕ್ಕೆ ಹೊರಗಿನ ಸಾಕ್ಷ್ಯವನ್ನು ತರಬಹುದೆಂದು ಕಾಯಿದೆ ಹೇಳುತ್ತಿತ್ತು. ಆದರೆ ಪತ್ರದಲ್ಲೇ ‘ಸಾವಿರ ಅಥವಾ ಒಂದೂವರೆ ಸಾವಿರ ರೂಪಾಯಿಗೆ’ ಎಂದು ಬರೆದಿದ್ದರೆ ಯಾವ ಬೆಲೆಯೆಂದು ತೋರಿಸಲು ಸಾಕ್ಷ್ಯ ತರುವಂತಿಲ್ಲ. ಒಂದರಲ್ಲಿ ಮಾತು ಸರಿಯಾಗಿದೆ, ಕೊಟ್ಟಿಗೆಯಲ್ಲಿ ಕುದುರೆ ಹೆಚ್ಚು. ಇನ್ನೊಂದರಲ್ಲಿ ಮಾತೇ ಸೀಳಿದೆ. ಆ ಕಾಯಿದೆ ಈಗಿಲ್ಲ. 2024ರ ಜುಲೈ 1ರಿಂದ ಅದರ ಸ್ಥಾನಕ್ಕೆ ಭಾರತೀಯ ಸಾಕ್ಷ್ಯ ಅಧಿನಿಯಮ ಬಂದಿದೆ. ಆದರೂ ಆ ಎರಡು ಕುದುರೆಗಳನ್ನು ನಾನು ತರಗತಿಯಲ್ಲಿ ಎಷ್ಟೋ ವರ್ಷ ಓಡಿಸಿದ್ದೇನೆ.

ಕುದುರೆಯ ವ್ಯಾಪಾರದಲ್ಲಿ ಹೋಗುವುದು ಹಣ. ಪ್ರಾಣವೇ ಒತ್ತೆಯಾಗಿದ್ದ ಒಂದು ಪ್ರಸಂಗವನ್ನು ಹೇಳಬೇಕು. 1952ರ ನವೆಂಬರ್ 2ರ ರಾತ್ರಿ, ಲಂಡನ್ನಿನ ಬಳಿಯ ಕ್ರಾಯ್ಡನ್ನಿನಲ್ಲಿ ಇಬ್ಬರು ಹುಡುಗರು ಕಳ್ಳತನಕ್ಕೆಂದು ಒಂದು ಉಗ್ರಾಣದ ಮಾಳಿಗೆ ಹತ್ತಿದರು. ಕ್ರಿಸ್ಟೊಫರ್ ಕ್ರೇಗನಿಗೆ ಹದಿನಾರು ವರ್ಷ, ಕೈಯಲ್ಲಿ ಪಿಸ್ತೂಲು. ಡೆರೆಕ್ ಬೆಂಟ್ಲಿಗೆ ಹತ್ತೊಂಬತ್ತು. ಬುದ್ಧಿ ಅಷ್ಟು ಬೆಳೆದಿರಲಿಲ್ಲ. ಪೊಲೀಸರು ಬಂದರು. ಒಬ್ಬ ಅಧಿಕಾರಿ ಬೆಂಟ್ಲಿಯನ್ನು ಹಿಡಿದುಕೊಂಡ. ಆಗ ಬೆಂಟ್ಲಿ ಕ್ರೇಗನಿಗೆ, “ಲೆಟ್ ಹಿಮ್ ಹ್ಯಾವ್ ಇಟ್, ಕ್ರಿಸ್” ಎಂದು ಕೂಗಿದನೆಂದು ಪೊಲೀಸರು ಸಾಕ್ಷ್ಯ ನುಡಿದರು. ಹಾಗೆ ಯಾರೂ ಹೇಳಲೇ ಇಲ್ಲವೆಂದು ಹುಡುಗರಿಬ್ಬರೂ ಹೇಳಿದರು. ಹೇಳಿದ್ದರೆಂದೇ ಇಟ್ಟುಕೊಳ್ಳೋಣ. ಅದರ ಅರ್ಥವೇನು? ‘ಪಿಸ್ತೂಲನ್ನು ಅವನ ಕೈಗೆ ಕೊಟ್ಟುಬಿಡು’ ಎಂದೂ ಆಗುತ್ತದೆ, ‘ಹೊಡಿ ಅವನಿಗೆ’ ಎಂದೂ ಆಗುತ್ತದೆ. ಇದು ಇಂಗ್ಲಿಷಿನ ವಿಚಿತ್ರವೆಂದು ತಿಳಿಯಬೇಡಿ. ನಮ್ಮ ಬೀದಿಯಲ್ಲಿ “ಕೊಡೋ ಅವನಿಗೆ!” ಎಂದು ಯಾರಾದರೂ ಕೂಗಿದರೆ ನಿಮ್ಮ ಕಿವಿಗೆ ಏನು ಕೇಳಿಸುತ್ತದೆ?

ಗುಂಡು ಹಾರಿತು, ಅಧಿಕಾರಿಯ ಭುಜಕ್ಕೆ ತಾಗಿತು. ಆಮೇಲೆ ಸಿಡ್ನಿ ಮೈಲ್ಸ್ ಎಂಬ ಪೊಲೀಸಿನವನು ಕ್ರೇಗನ ಗುಂಡಿಗೆ ಸತ್ತ. ಆ ಹೊತ್ತಿಗೆ ಬೆಂಟ್ಲಿ ಪೊಲೀಸರ ಹಿಡಿತದಲ್ಲಿದ್ದ. ಕ್ರೇಗ್ ನೇಣಿಗೆ ಚಿಕ್ಕವನು, ಅವನಿಗೆ ಸೆರೆಮನೆಯಾಯಿತು. ಬೆಂಟ್ಲಿಯನ್ನು 1953ರ ಜನವರಿ 28ರಂದು ಗಲ್ಲಿಗೇರಿಸಿದರು. ಆತನ ಮನೆಯವರು ದಶಕಗಳ ಕಾಲ ಹೋರಾಡಿದ ಮೇಲೆ 1998ರ ಜುಲೈ 30ರಂದು ಮೇಲ್ಮನವಿಯ ನ್ಯಾಯಾಲಯ ಆ ತೀರ್ಪನ್ನು ಅನೂರ್ಜಿತಗೊಳಿಸಿತು. ಅದಕ್ಕೆ ಮುಖ್ಯ ಕಾರಣ ಮೂಲ ವಿಚಾರಣೆಯಲ್ಲಿ ನ್ಯಾಯಾಧೀಶರು ಜ್ಯೂರಿಗೆ ಮಾಡಿದ ನಿರ್ದೇಶನ ನ್ಯಾಯಸಮ್ಮತವಾಗಿರಲಿಲ್ಲವೆಂಬುದೇ ಹೊರತು ಆ ಒಂದು ವಾಕ್ಯವಲ್ಲ. ಆದರೂ ಜನರ ನೆನಪಿನಲ್ಲಿ ಉಳಿದಿರುವುದು ಆ ವಾಕ್ಯವೇ. ಅದು ‘ಅಸ್ಪಷ್ಟ’ವಾಗಿತ್ತೆಂದು ಕನ್ನಡದಲ್ಲಿ ಬರೆದರೆ ಓದುಗ ಏನೆಂದುಕೊಂಡಾನು? ಗಾಳಿಯಲ್ಲಿ ಮಾತು ಸರಿಯಾಗಿ ಕೇಳಿಸಲಿಲ್ಲವೆಂದು. ಅಲ್ಲ, ಪೊಲೀಸರ ಪ್ರಕಾರ ಪ್ರತಿಯೊಂದು ಅಕ್ಷರವೂ ಕೇಳಿಸಿತ್ತು. ಇಲ್ಲಿ ನಮಗೆ ಬೇಕಾದದ್ದು ‘ಸಂದಿಗ್ಧ’ ಎಂಬ ಮಾತು. ‘ದಿಗ್ಧ’ ಎಂದರೆ ಬಳಿದದ್ದು. ಎರಡು ಬಣ್ಣ ಒಂದರ ಮೇಲೊಂದು ಬಳಿದುಕೊಂಡಿದೆ ಎಂಬ ಚಿತ್ರ ಅದರಲ್ಲಿದೆ.

ಕಾವ್ಯಕ್ಕೆ ಬಂದರೆ ನ್ಯಾಯ ತಲೆಕೆಳಗಾಗುತ್ತದೆ. ವಿಲಿಯಂ ಎಂಪ್ಸನ್ ಇಪ್ಪತ್ತನಾಲ್ಕು ವರ್ಷದವನಾಗಿದ್ದಾಗ, 1930ರಲ್ಲಿ, ಆಂಬಿಗ್ಯುಇಟಿಯ ಏಳು ಬಗೆಗಳನ್ನು ಕುರಿತು ಒಂದು ಇಡೀ ಪುಸ್ತಕ ಬರೆದು, ಅದು ಕವಿತೆಯ ಕುಂದಲ್ಲ, ಬೇರು ಎಂದು ಸಾಧಿಸಿದ. ಆದರೆ ಇದು ನಮಗೆ ಹೊಸತೇ? ನಮ್ಮ ಆಲಂಕಾರಿಕರು ಶ್ಲೇಷವನ್ನು ಅಲಂಕಾರಗಳ ಸಾಲಿನಲ್ಲಿ ಕೂರಿಸಿದರು, ಸಂದಿಗ್ಧವನ್ನು ದೋಷಗಳ ಸಾಲಿನಲ್ಲಿ. ಎರಡರಲ್ಲೂ ಅರ್ಥ ಎರಡೇ. ಕವಿ ಎರಡನ್ನೂ ಬಯಸಿ ಕೊಟ್ಟರೆ ಶ್ಲೇಷ. ಒಂದನ್ನು ಕೊಡಹೋಗಿ ಎರಡಾದರೆ ಸಂದಿಗ್ಧ. ಈ ವಿವೇಕ ಎಂಪ್ಸನ್ನನ ಏಳು ಬಗೆಗಳಷ್ಟು ಸೂಕ್ಷ್ಮವಲ್ಲದಿರಬಹುದು, ಆದರೆ ಹೆಚ್ಚು ಉಪಯುಕ್ತವೆಂದು ನನ್ನ ಅಭಿಪ್ರಾಯ.

ಎರಡರ್ಥವನ್ನು ಬಯಸಿಯೇ ಕೊಡುವವನು ಕವಿಯಲ್ಲದೆ ಬೇರೆಯವನಾದರೆ? ಅಲ್ಲಿಗೆ ನಾವು ‘ಈಕ್ವಿವೊಕಲ್’ ಎಂಬ, ನನ್ನನ್ನು ಬೀಳಿಸಿದ ಪದಕ್ಕೆ ಬಂದೆವು. ಸಮವಾದ ವಾಕ್ಕು ಎಂಬುದು ಇದರ ಅಕ್ಷರಾರ್ಥ. ಲ್ಯಾಟಿನ್ನಿನ ‘ವಾಕ್ಸ್’, ನಮ್ಮ ‘ವಾಕ್’ ಒಂದೇ ಬಳ್ಳಿಯವು. ಎರಡೂ ಪಕ್ಷಕ್ಕೆ ಸಮನಾಗಿ ನುಡಿಯುವುದು. ಇದೇ ಮೂಲದ ‘ಈಕ್ವಿವೊಕೇಟ್’ ಎಂಬ ಕ್ರಿಯಾಪದದೊಳಕ್ಕೆ ಮೋಸ ಹೊಕ್ಕಿತು. 1605ರ ಮದ್ದಿನ ಸಂಚಿನ ಬಳಿಕ, ಹೆನ್ರಿ ಗಾರ್ನೆಟ್ ಎಂಬ ಜೆಸ್ಯುಯಿಟ್ ಪಾದ್ರಿಯನ್ನು 1606ರಲ್ಲಿ ವಿಚಾರಿಸಿ ಗಲ್ಲಿಗೆ ಹಾಕಿದರು. ಪ್ರಾಣಸಂಕಟದಲ್ಲಿ ಸುಳ್ಳಾಡದೆಯೇ ಕೇಳುವವನನ್ನು ತಪ್ಪುದಾರಿಗೆ ಬಿಡುವಂತೆ ಎರಡರ್ಥದಲ್ಲಿ ಉತ್ತರಿಸಬಹುದೆಂಬ ವಾದವನ್ನು ಅವನು ಎತ್ತಿಹಿಡಿದಿದ್ದ. ಸುಮಾರಾಗಿ ಅದೇ ಕಾಲದ ‘ಮ್ಯಾಕ್‌ಬೆತ್’ ನಾಟಕದಲ್ಲಿ ಕುಡಿದ ದ್ವಾರಪಾಲಕನೊಬ್ಬ ಇಂಥ ಇಬ್ಬಗೆ ನುಡಿಯವನನ್ನು ನರಕದ ಬಾಗಿಲಲ್ಲಿ ಬರಮಾಡಿಕೊಳ್ಳುವಂತೆ ಅಣಕಿಸುತ್ತಾನೆ. ಇದು ಗಾರ್ನೆಟ್ಟನ ಮೇಲಿನ ಕುಟುಕೆಂದು ವಿದ್ವಾಂಸರ ಅಭಿಪ್ರಾಯ. ಆದರೆ ಆ ನಾಟಕದ ನಿಜವಾದ ಇಬ್ಬಗೆ ನುಡಿಯವರು ಮಾಟಗಾತಿಯರು ಮತ್ತು ಅವರು ಎಬ್ಬಿಸುವ ಮಾಯಾರೂಪಗಳು. ಹೆಣ್ಣು ಹೆತ್ತವನಾರೂ ನಿನ್ನನ್ನು ಕೊಲ್ಲಲಾರ, ಕಾಡು ಬೆಟ್ಟದ ಮೇಲೇರಿ ಬರುವವರೆಗೆ ನಿನಗೆ ಸೋಲಿಲ್ಲ ಎಂಬ ಭರವಸೆಗಳನ್ನು ಅವು ಕೊಡುತ್ತವೆ. ಯಾವುದೂ ಸುಳ್ಳಲ್ಲ. ಆ ಸುಳ್ಳಲ್ಲದ ಮಾತುಗಳನ್ನು ನಂಬಿಯೇ ಮ್ಯಾಕ್‌ಬೆತ್ ಹಾಳಾಗುವುದು.

ನಮಗೆ ಧರ್ಮರಾಯನಿದ್ದಾನೆ. ಅಶ್ವತ್ಥಾಮ ಸತ್ತನೆಂದು ಗಟ್ಟಿಯಾಗಿ, ಆನೆಯೆಂದು ಮೆಲ್ಲಗೆ ಹೇಳಿದ ಮೇಲೆ, ನೆಲದಿಂದ ನಾಲ್ಕು ಅಂಗುಲ ಮೇಲೆ ಸಾಗುತ್ತಿದ್ದ ಅವನ ರಥ ನೆಲಕ್ಕೆ ಇಳಿಯಿತೆಂಬ ಕಥೆ ಯಾರಿಗೆ ತಿಳಿಯದು? ಮಾತು ಅಸ್ಪಷ್ಟವಾಗಿತ್ತೆಂದು ಅಲ್ಲಿ ಯಾರಾದರೂ ಹೇಳುವರೇ? ಇದಕ್ಕೆ ನಮ್ಮ ಅಜ್ಜಿಯರ ಬಾಯಲ್ಲಿ ‘ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ’ ಎಂಬ ಮಾತಿತ್ತು. ಆ ಕೋಣೆಗೂ ಬೆಳಕು, ಈ ಕೋಣೆಗೂ ಬೆಳಕು. ಇಟ್ಟವನು ಯಾವ ಕೋಣೆಯವನೆಂಬುದು ಮಾತ್ರ ಗೊತ್ತಾಗದು. ಉತ್ತರವನ್ನೇ ಕೊಡದೆ ಜಾರಿಕೊಳ್ಳುವ ‘ಹಾರಿಕೆಯ ಮಾತು’ ಇನ್ನೊಂದು. ಇಂಥ ಜೀವಂತ ಮಾತುಗಳಿದ್ದೂ ವರದಿಗಾರರು ‘ಸಚಿವರು ಅಸ್ಪಷ್ಟ ಉತ್ತರ ನೀಡಿದರು’ ಎಂದು ಬರೆಯುವುದನ್ನು ಓದಿದಾಗ, ಪಾಪ, ಸಚಿವರಿಗೆ ಗಂಟಲು ಕಟ್ಟಿತ್ತೇನೋ ಎನ್ನಿಸುತ್ತದೆ.

ಆದರೆ ಒಂದು ಎಚ್ಚರಿಕೆ ಬೇಕು. ಈಕ್ವಿವೊಕೇಟ್ ಮಾಡುವವನು ಯಾವಾಗಲೂ ತಪ್ಪಿತಸ್ಥ. ಈಕ್ವಿವೊಕಲ್ ಆಗಿರುವ ಸಾಕ್ಷ್ಯ ಮಾತ್ರ ನಿರಪರಾಧಿ. ಪ್ರಯೋಗಾಲಯದಲ್ಲಿ, ರೋಗಪರೀಕ್ಷೆಯಲ್ಲಿ ಈ ಪದ ಬಂದಾಗ ಯಾರೂ ಯಾರನ್ನೂ ವಂಚಿಸುತ್ತಿಲ್ಲ. ತಕ್ಕಡಿಯ ಎರಡು ತಟ್ಟೆಗಳೂ ಸಮನಾಗಿ ನಿಂತಿವೆ, ಇನ್ನೊಂದು ಬೊಟ್ಟು ಹಾಕಿ ನೋಡಬೇಕು ಎಂದಷ್ಟೇ. ಆ ಹಾಳೆಯ ಎರಡನೆಯ ವಾಕ್ಯ ಆ ಇನ್ನೊಂದು ಬೊಟ್ಟು. “ರೋಗ ಇದೆಯೆನ್ನುವುದಕ್ಕೂ ಇಲ್ಲವೆನ್ನುವುದಕ್ಕೂ ಇಲ್ಲಿ ಆಧಾರವಿದೆ ರಾಯರೇ, ತಡಮಾಡಬೇಡಿ” ಎಂದು ನಾನು ಹೇಳಬೇಕಾಗಿತ್ತು. ಇದಕ್ಕೆ ದೊಡ್ಡ ಪಾಂಡಿತ್ಯವೇನೂ ಬೇಕಾಗಿರಲಿಲ್ಲ.

ಉಳಿದ ಪದಗಳಲ್ಲಿ ಎರಡನ್ನು ಮಾತ್ರ ಮುಟ್ಟಿ ಮುಗಿಸುತ್ತೇನೆ. ‘ಅಬ್‌ಸ್ಕ್ಯೂರ್’ ಎಂದರೆ ಮೂಲದಲ್ಲಿ ಕತ್ತಲು, ಮುಚ್ಚಿದ್ದು. ಅಬ್‌ಸ್ಕ್ಯೂರ್ ಆದ ಪದ್ಯದಲ್ಲಿ ಅರ್ಥ ಇದೆ, ಒಂದೇ ಇದ್ದರೂ ಇರಬಹುದು. ಅದು ಆಳದಲ್ಲಿದೆ, ಅಗೆಯಬೇಕು. ಗ್ರೀಕ್ ದಾರ್ಶನಿಕ ಹೆರಾಕ್ಲಿಟಸನನ್ನು ಅವನ ದೇಶದವರು ‘ಕತ್ತಲಿನವನು’ ಎಂದು ಕರೆದದ್ದು ಇದೇ ಅರ್ಥದಲ್ಲಿ. ಆದರೆ ಮನುಷ್ಯನಿಗೆ ಈ ವಿಶೇಷಣ ಹಚ್ಚಿದಾಗ ಬಹುಮಟ್ಟಿಗೆ ಅರ್ಥ ಬೇರೆ. ಥಾಮಸ್ ಹಾರ್ಡಿಯ 1895ರ ಕಾದಂಬರಿ ‘ಜೂಡ್ ದಿ ಅಬ್‌ಸ್ಕ್ಯೂರ್’ ಇದೆಯಲ್ಲ, ಅದರ ಹೆಸರನ್ನು ವಿದ್ಯಾರ್ಥಿಯೊಬ್ಬ ಉತ್ತರಪತ್ರಿಕೆಯಲ್ಲಿ ‘ಅಸ್ಪಷ್ಟ ಜೂಡ್’ ಎಂದು ಅನುವಾದಿಸಿದ್ದ. ಜೂಡ್ ಪಾಪ ಬಹಳ ಸ್ಪಷ್ಟವಾದ ಮನುಷ್ಯ. ಕಲ್ಲು ಕೆಲಸದವನು, ವಿಶ್ವವಿದ್ಯಾನಿಲಯದಲ್ಲಿ ಓದಬೇಕೆಂಬ ಹಂಬಲವಿದ್ದವನು, ಆ ಊರಿನ ಗೋಡೆಗಳನ್ನು ಕೈಯಾರೆ ದುರಸ್ತಿ ಮಾಡಿಯೂ ಅದರ ಒಳಗೆ ಪ್ರವೇಶ ಸಿಗದವನು. ಲೋಕದ ಬೆಳಕು ಬೀಳದೆ ಹೋದ ಬಾಳು ಎಂಬುದು ಆ ಪದ. ನಾನು ಆ ಹುಡುಗನಿಗೆ ಅಂಕ ಕಳೆಯಲಿಲ್ಲ. ಕಳೆಯುವ ಯೋಗ್ಯತೆ ಆಗ ನನಗಿರಲಿಲ್ಲ.

‘ಆಂಬಿವೇಲೆಂಟ್’ ಎಂಬುದು ಎಲ್ಲರಿಗಿಂತ ಕಿರಿಯ. ಸ್ವಿಸ್ ಮನೋವೈದ್ಯ ಆಯ್ಗನ್ ಬ್ಲಾಯ್ಲರ್ 1910ರ ಸುಮಾರಿನಲ್ಲಿ ಇದನ್ನು ಜರ್ಮನ್ ಭಾಷೆಯಲ್ಲಿ ಸೃಷ್ಟಿಸಿದ. ಒಂದೇ ವ್ಯಕ್ತಿಯ ಮೇಲೆ ಒಂದೇ ಕಾಲಕ್ಕೆ ಪ್ರೀತಿಯೂ ದ್ವೇಷವೂ ಇರುವ ಸ್ಥಿತಿಗೆ ಅವನಿಗೊಂದು ಹೆಸರು ಬೇಕಾಗಿತ್ತು. ಇದನ್ನೂ ಆಂಬಿಗ್ಯುಅಸ್ ಪದವನ್ನೂ ಕಲಸುವುದು ಇಂಗ್ಲಿಷಿನವರಲ್ಲೇ ಸಾಮಾನ್ಯ. ಸಂದಿಗ್ಧತೆ ಇರುವುದು ಮಾತಿನಲ್ಲಿ. ಇದು ಇರುವುದು ಎದೆಯಲ್ಲಿ. ಕನ್ನಡದಲ್ಲಿ ಇದಕ್ಕೆ ‘ಇಬ್ಬಂದಿತನ’ ಎನ್ನುತ್ತೇವೆ. ಇದರಲ್ಲಿ ಸಿಕ್ಕಿದವನಿಗೆ ಹೊರಗಿನ ಸಾಕ್ಷ್ಯವಾಗಲಿ, ದೀಪವಾಗಲಿ, ನಿಘಂಟಾಗಲಿ ನೆರವಾಗುವುದಿಲ್ಲ. ಊರನ್ನು ಬಿಟ್ಟು ಬಂದ ನಮ್ಮಲ್ಲಿ ಅನೇಕರಿಗೆ ಆ ಊರಿನ ಬಗ್ಗೆ ಇರುವುದು ಇದೇ.

ನ್ಯಾಯವಾಗಿ ಹೇಳಬೇಕಾದರೆ ಕನ್ನಡದಲ್ಲಿ ಕೊರತೆಯೂ ಇದೆ. ಮಸುಕು, ಮಬ್ಬು, ಗೂಢ, ಒಗಟು, ಸಂದಿಗ್ಧ, ಇಬ್ಬಂದಿ, ಹಾರಿಕೆ ಇವೆಲ್ಲ ಇವೆ. ‘ವೇಗ್’ ಎಂಬುದಕ್ಕೆ ಮಾತ್ರ ಒಪ್ಪುವ ಪದವೊಂದು ನನಗೆ ಇವತ್ತಿಗೂ ಸಿಕ್ಕಿಲ್ಲ. ‘ಅನಿರ್ದಿಷ್ಟ’ ಎನ್ನಬಹುದು, ಆದರೆ ಆ ಪದವನ್ನು ಮುಷ್ಕರದವರು ತಮ್ಮ ಅವಧಿಗೆ ಮೀಸಲಾಗಿಟ್ಟುಕೊಂಡುಬಿಟ್ಟಿದ್ದಾರೆ. ‘ಎಲ್ಲೆಗೆಟ್ಟ’ ಎಂದರೆ ಬೈಗುಳದಂತೆ ಕೇಳುತ್ತದೆ. ಹೊಲಗದ್ದೆಗಳ ಬದುವಿನ ವಿಷಯದಲ್ಲಿ ಇಷ್ಟು ವ್ಯಾಜ್ಯ ಮಾಡುವ ಜನಕ್ಕೆ ಬದುವಿಲ್ಲದ್ದಕ್ಕೊಂದು ಹೆಸರು ಹೊಳೆಯದಿದ್ದದ್ದು ಆಶ್ಚರ್ಯವೇ.

ರಾಯರು ಬದುಕಿಕೊಂಡರು. ಕೆಲವು ತಿಂಗಳು ಕ್ಷಯರೋಗದ ಆಸ್ಪತ್ರೆಯಲ್ಲಿದ್ದು, ಮನೆಗೆ ಬಂದ ಮೇಲೂ ಒಂದು ವರ್ಷದ ತನಕ ಔಷಧ ತೆಗೆದುಕೊಂಡರು. ಜವಳಿ ಅಂಗಡಿಯ ಕೆಲಸ ಹೋಯಿತು. ಆಮೇಲೆ ಮನೆಯಲ್ಲೇ ಕೂತು ನಾಲ್ಕಾರು ಅಂಗಡಿಗಳ ಲೆಕ್ಕ ಬರೆಯುತ್ತಿದ್ದರು. ಆ ವಿಷಯವಾಗಿ ಅವರು ನನ್ನನ್ನು ಒಮ್ಮೆಯೂ ಆಕ್ಷೇಪಿಸಲಿಲ್ಲ. ನಾನು ಎರಡು ಸಲ ಪ್ರಸ್ತಾಪ ಎತ್ತಿದಾಗಲೂ ಮಾತು ಬೇರೆ ಕಡೆ ತಿರುಗಿಸಿದರು.

ಚಿಕಿತ್ಸೆ ಮುಗಿದ ಮೇಲೆ ಒಂದು ಸಂಜೆ ಮತ್ತೆ ಅದೇ ಬಣ್ಣದ ಲಕೋಟೆಯೊಂದಿಗೆ ಜಗಲಿಗೆ ಬಂದರು. ಹಾಳೆಯಲ್ಲಿ ಈ ಸಲ ಮೂರು ವಾಕ್ಯಗಳಿದ್ದುವು. ಮಾಯ್ದ ಗಾಯದ ಕಲೆ ಇದೆ, ಈಗ ರೋಗದ ಚಟುವಟಿಕೆಯೇನೂ ಕಾಣುವುದಿಲ್ಲ, ಆರು ತಿಂಗಳ ಮೇಲೆ ಬಂದು ತೋರಿಸಿ ಎಂದು. ನಾನು ಕನ್ನಡದಲ್ಲಿ ಹೇಳಿದೆ. ರಾಯರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಎರಡರ್ಥ ಬರೋ ಅಂಥದ್ದು ಏನಾದರೂ ಇದೆಯೇ ಮೇಷ್ಟ್ರೇ?” ಎಂದರು. ನಾನು ಹಾಳೆಯನ್ನು ಮತ್ತೆ ಮೊದಲಿನಿಂದ ಓದಿದೆ, ಪದ ಪದಕ್ಕೂ ನಿಂತು. “ಇಲ್ಲ” ಎಂದೆ. ಅವರು ಲಕೋಟೆಯಿಂದ ಚಿತ್ರವನ್ನು ಹೊರತೆಗೆದು, ಬಾಗಿಲ ಬಳಿಯ ದೀಪಕ್ಕೆ ಎತ್ತಿ ಹಿಡಿದು, ತಾವೇ ಒಂದು ಸಲ ನೋಡಿಕೊಂಡರು.